ಬಡಿದ ಕೈಯೇ ಕೀಳಬೇಕು

ಗೌರಿ, ಶರಣು, ಸಣ್ಣ ನೀಲಾ, ಮೂವರೂ ಕೇಳಿ. ಹೋದ ತಿಂಗಳು ಗೌರಿಯ ಮದುವೆಯ ಮಾತುಕತೆಗೆ ಬೀಗರು ಬಂದಿದ್ದಾಗ ಅವರಲ್ಲೊಬ್ಬರು ನನ್ನ ತವರಿನ ಬಗ್ಗೆ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ನನ್ನ ಮಗ, ನಿಮ್ಮಪ್ಪ, "ಒಕ್ಕಲುತನದ ಮನಿರಿ ಅದು, ದೊಡ್ಡ ಹೊಲ ಇತ್ತು" ಎಂದುಬಿಟ್ಟ. ನಾನು ಎಂದಿನಂತೆ ಸೆರಗು ಸರಿಮಾಡಿಕೊಂಡು ಒಳಗೆ ಹೋದೆ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಇಂದಿಗೂ ಆಗುವುದಿಲ್ಲ, ಗಂಟಲು ಕಟ್ಟುತ್ತದೆ. ಆದರೆ ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ. ಅದಕ್ಕೇ ಇಲ್ಲಿ ಹೇಳುತ್ತೇನೆ. ಹೊಲ ಇತ್ತು, ಸಣ್ಣದು. ನಮ್ಮ ಹೊಟ್ಟೆ ತುಂಬಿಸಿದ್ದು ಬೇರೆ ಕೆಲಸ. ನಮ್ಮಪ್ಪ ಡೇರೆ ಹೊಡೆಯುತ್ತಿದ್ದ. ಮದುವೆಗಳಿಗೆ ಶಾಮಿಯಾನ ಕಟ್ಟುತ್ತಿದ್ದ, ಊರೂರು ತಪಾಸಣೆಗೆ ದೌರಾ ಬಂದ ಸಾಹೇಬರಿಗೆ ಡೇರೆ ನಿಲ್ಲಿಸುತ್ತಿದ್ದ. ಅವನ ಕೈ ಕೆಟ್ಟ ಮೇಲೆ ಅದನ್ನೇ ನಮ್ಮವ್ವ ಮಾಡಿದಳು, ನಾನೂ ಮಾಡಿದೆ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ. ಮುಚ್ಚಿಡು ಎನ್ನುವವರ ಮಾತನ್ನು ಬಹಳ ವರ್ಷ ಕೇಳಿದೆ. ಇನ್ನು ಕೇಳುವುದಿಲ್ಲ.

ನಮ್ಮ ಮನೆ ಹಿರೋಳ್ಳಿಯಲ್ಲಿತ್ತು. ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಎರಡು ಖೋಲಿ. ಒಂದರಲ್ಲಿ ಜೋಳದ ಚೀಲ, ತೊಗರಿ, ಹಾಸಿಗೆ, ಬಾಣಂತಿ, ಜಡ್ಡಿನವರು ಎಲ್ಲವೂ ಎಲ್ಲರೂ. ಇನ್ನೊಂದು ಪೂರ್ತಿ ಡೇರೆಯದು. ಮನುಷ್ಯರಿಗಿಂತ ಬಟ್ಟೆಗೇ ಜಾಗ ಹೆಚ್ಚಾಯಿತೆಂದು ಅವ್ವ ಆಗಾಗ ಗೊಣಗುತ್ತಿದ್ದಳು, ಆದರೆ ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಮೊದಲು ಓಡಿ ಆ ಖೋಲಿಯಲ್ಲೇ ಪಾತ್ರೆ ಇಡುತ್ತಿದ್ದಳು. ಒರಲೆ ಹತ್ತದಂತೆ ಕಲ್ಲಿನ ಮೇಲೆ ಹಲಗೆ ಹಾಕಿ ಅದರ ಮೇಲೆ ದಪ್ಪ ಬಟ್ಟೆಯ ಸುರುಳಿಗಳನ್ನು ಇಡುತ್ತಿದ್ದರು. ಬಿದಿರಿನ ಕಂಬಗಳು ಛತ್ತಿನ ತೊಲೆಗೆ ಅಡ್ಡಲಾಗಿ ತೂಗುತ್ತಿದ್ದವು. ಒಳಗೆ ಹೋದರೆ ಹೊಗೆ, ಹುರಿ, ಇಲಿ, ಯಾವುದೋ ಹಳೆಯ ಮದುವೆಯ ಎಣ್ಣೆ, ಎಲ್ಲ ಸೇರಿದ ಒಂದು ವಾಸನೆ. ಚಳಿಗಾಲದಲ್ಲಿ ನಾನೂ ನನ್ನ ತಂಗಿಯೂ ಆ ಸುರುಳಿಗಳ ಮೇಲೆಯೇ ಮಲಗುತ್ತಿದ್ದೆವು. ಐಗಳ ಶಾಲೆಯಲ್ಲಿ ಕಲಿತ ಅಕ್ಷರಗಳನ್ನು ನಾನು ಬೆರಳಿನಿಂದ ತಿದ್ದಿದ್ದು ಆ ಬಟ್ಟೆಯ ಮೇಲೆ.

ಖೋಲಿಯ ಮೂಲೆಯಲ್ಲಿ ಸಾಮಾನುಗಳಿದ್ದವು. ಗೂಟ ಬಡಿಯಲು ದೊಡ್ಡ ಕೊಡತಿ, ಸಣ್ಣ ಕೊಡತಿ. ಎರಡರದ್ದೂ ಜಾಲಿ ಮರದ ತಲೆ, ಬಿರಿಯದಂತೆ ಎರಡೂ ತುದಿಗೆ ಕಬ್ಬಿಣದ ಬಳೆ ಬಿಗಿದದ್ದು. ಕಬ್ಬಿಣದ ಸುತ್ತಿಗೆಯಿಂದ ಬಡಿದರೆ ಕಟ್ಟಿಗೆಯ ಗೂಟದ ತಲೆ ಸೀಳಿಹೋಗುತ್ತದೆ, ಕಟ್ಟಿಗೆಗೆ ಕಟ್ಟಿಗೆಯೇ ಬೇಕು. ಕೀಳುವುದಕ್ಕೆ ಕೊಕ್ಕಿ. ಒಂದು ಮೊಳದ ಕಬ್ಬಿಣದ ಸಲಾಕೆ, ಕೆಳಗಿನ ತುದಿ ಬಾಗಿದ್ದು, ಮೇಲೆ ಎರಡೂ ಕೈಯಿಂದ ಹಿಡಿಯಲು ಅಡ್ಡ ಹಿಡಿಕೆ. ಅದರ ಬಾಗಿದ ತುದಿಯನ್ನು ಗೂಟದ ಕೊರಳಿನ ಕಚ್ಚಿಗೆ ಸಿಕ್ಕಿಸಬೇಕು. ಅದಕ್ಕೂ ಜಗ್ಗದ ಗೂಟಕ್ಕೆ ಹಾರೆ. ಗೂಟಗಳನ್ನು ಮಾತ್ರ ಎಲ್ಲೆಂದರಲ್ಲಿ ತುರುಕಿರುತ್ತಿದ್ದರು, ಜೋಳದ ಚೀಲದ ಸಂದಿಯಲ್ಲಿ, ಒಲೆಯ ಹಿಂದೆ, ನಮ್ಮ ಅಜ್ಜಿ ಆಯಿಯ ಮಂಚದ ಕೆಳಗೆ. ಹೊಸ ಗೂಟ ಕೆತ್ತಿದಾಗ ಅದರ ಚೂಪು ತುದಿಯನ್ನು ಒಲೆಯಲ್ಲಿ ಸ್ವಲ್ಪ ಸುಟ್ಟು ಗಟ್ಟಿ ಮಾಡುವುದು ಅವ್ವನ ಕೆಲಸ. ಹರಿದ ಬಟ್ಟೆಗೆ ದಬ್ಬಣದಿಂದ ತೇಪೆ ಹಾಕುವುದೂ ಅವ್ವನದೇ. ಹುರಿ ಹೊಸೆಯುವುದು ಆಯಿ, ನಾನು, ತಂಗಿ. ಬಡಿಯುವುದು, ಕೀಳುವುದು ಮಾತ್ರ ಗಂಡಸರದು.

ಅಪ್ಪ ತನ್ನ ಜೊತೆ ಬರುವ ಆಳುಗಳಿಗೆ ಅಂಗಳದಲ್ಲಿ ಹೇಳಿಕೊಡುತ್ತಿದ್ದ. ನಾನು ಬಾಗಿಲ ಹಿಂದೆ ನಿಂತು ಕೇಳುತ್ತಿದ್ದೆ. ನನಗಾಗಿ ಹೇಳಿದ್ದಲ್ಲ, ಆದರೂ ನನ್ನಲ್ಲೇ ಉಳಿಯಿತು.

"ಜೋರ ಮಾಡಬ್ಯಾಡ್ರೋ. ಎತ್ತೂದಷ್ಟ ನಿಮ್ಮ ಕೆಲಸ, ಬಡಿಯೂದು ಕೊಡತೀ ಭಾರದ್ದು. ಗೂಟ ಡೇರೆಗಿ ಬೆನ್ನು ಮಾಡಿ ವಾಲಿರಬೇಕು. ಡೇರೆ ತನ್ನ ಕಡೆ ಎಳೀತದ, ಗೂಟ ತನ್ನ ಕಡೆ ಎಳೀಬೇಕು."

"ಮತ್ತ ಕೀಳುವಾಗ, ಯಪ್ಪಾ?" ಎಂದು ಒಬ್ಬ ಆಳು ಕೇಳುತ್ತಿದ್ದ.

"ಕೀಳುವಾಗ ನೆಟ್ಟಗ ಮ್ಯಾಲ ಜಗ್ಗಿದ್ರ ಕೊರಳ ಮುರೀತದ. ಮದಲ ತಿರುವು. ಅದು ಹೆಂಗ ಹೋಗ್ಯದ, ಹಂಗ ಬರಬೇಕು."

ಹೇಗೆ ಹೋಗಿದೆ ಎನ್ನುವುದು ಬಡಿದವನಿಗೆ ಮಾತ್ರ ಗೊತ್ತಿರುತ್ತದೆ. ಅದರಿಂದ ನಮ್ಮ ಮುತ್ಯಾನ, ಅಪ್ಪನ ಅಪ್ಪನ ಕಾಲದಿಂದ ಮನೆಯಲ್ಲಿ ಒಂದು ಕಟ್ಟು ಇತ್ತು: ಬಡಿದ ಕೈಯೇ ಕೀಳಬೇಕು. ಕಂಬ ಎತ್ತಲು, ಬಟ್ಟೆ ಹಾಸಲು, ಹಗ್ಗ ಹಿಡಿಯಲು ಊರಿನ ಯಾರಾದರೂ ಬರಬಹುದು. ಗೂಟಕ್ಕೆ ಮಾತ್ರ ನಮ್ಮ ಮನೆಯವರ ಕೈ, ಇಲ್ಲವೆ ಮನೆಯವರು ಕಲಿಸಿದ ಆಳಿನ ಕೈ, ಮತ್ತು ಯಾರು ಬಡಿದರೋ ಅವರದೇ ಕೈ. ಒಬ್ಬರು ಬಡಿದದ್ದನ್ನು ಇನ್ನೊಬ್ಬರು ಮುಟ್ಟಿದರೆ ಅದು ದೊಡ್ಡ ಅಪಮಾನ. ಈ ಕಟ್ಟು ಬರಬರುತ್ತ ಮನೆಯ ಎಲ್ಲದಕ್ಕೂ ಬಂತು. ಗೋಡೆಗೆ ಅವ್ವ ಹೊಡೆದ ಮೊಳೆಯನ್ನು ಅವ್ವನೇ ತೆಗೆಯಬೇಕು. ಜಗಳ ಶುರು ಮಾಡಿದವರೇ ಮುಗಿಸಬೇಕು. ಆಯಿ ಮಾತ್ರ ಎಷ್ಟೋ ಜಗಳಗಳನ್ನು ಬಡಿದು ಹಾಗೇ ಬಿಟ್ಟಿದ್ದಳು, ಅವುಗಳನ್ನು ಎಡವುತ್ತಲೇ ನಾವು ಓಡಾಡುತ್ತಿದ್ದೆವು.

ಆಯಿ ಎಂದರೆ ಅಪ್ಪನ ತಾಯಿ. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂತಾಗ ಮಗುವಿನಂತೆ ಕಾಣುತ್ತಿದ್ದಳು, ಎದ್ದ ಮೇಲೆ ಇಡೀ ಮನೆ ಅವಳಿಗೆ ಹೆದರುತ್ತಿತ್ತು. ನಾನು ಚಿಕ್ಕವಳಿದ್ದಾಗ ಒಂದು ದಿನ ಹುಣಸೆಹಣ್ಣು ಕುಟ್ಟಲು ಸಣ್ಣ ಕೊಡತಿ ತಂದುಕೊಂಡೆ. ಕೈಗೆ ಹೇಳಿ ಮಾಡಿಸಿದ ಹಾಗಿತ್ತು. ಬೀಜ ಪಟಪಟ ಹಾರುತ್ತಿದ್ದವು. ಆಯಿ ಬಂದವಳೇ ನನ್ನ ಕೈ ಮೇಲೆ ಹೊಡೆದಳು.

"ಏ ಬೇ, ಅದು ಗಂಡಸರ ವಸ್ತು! ನಿಮ್ಮಪ್ಪ ನಾಳಿ ಕಂಬದ ಬುಡಕ ನಿಂದರಾಂವ, ನೀ ಇವತ್ತ ಕೊಡತಿ ಮೈಲಿಗಿ ಮಾಡ್ತಿ. ಅವಗ ಏನರೆ ಆತಂದ್ರ?"

ಅವ್ವ ರೊಟ್ಟಿ ಬಡಿಯುತ್ತ ಕೂತಿದ್ದಳು. ಕೈ ನಿಲ್ಲಿಸಲಿಲ್ಲ.

"ಅತ್ತಿ, ಕೊರಳಾಗ ಲಿಂಗ ಕಟ್ಟುವಾಗ ಹುಡುಗ ಏನು, ಹುಡುಗಿ ಏನು ಅಂತ ಯಾರೂ ಕೇಳ್ಲಿಲ್ರಿ. ಒಂದು ಕಟಗಿ ಹಿಡಿಯೂದಕ್ಕ ಕೇಳ್ತೀರಲ್ಲ."

"ನಿನ್ನ ನಾಲಿಗಿಗೊಂದು ಗೂಟ ಬಡೀಬೇಕು ನೋಡು."

"ಬಡೀರಿ. ಕೀಳೂದೂ ನೀವೇ ಮತ್ತ."

ಪಡಸಾಲೆಯಲ್ಲಿ ಉಣ್ಣುತ್ತಿದ್ದ ಅಪ್ಪನಿಗೆ ನಗು ಬಂದು ತುತ್ತು ನೆತ್ತಿಗೇರಿತು. ಆಯಿ ಆ ದಿನ ಅವ್ವನ ಕೈಯ ರೊಟ್ಟಿ ಮುಟ್ಟದೆ ಶೇಂಗಾ ಬೆಲ್ಲ ತಿಂದು ಮಲಗಿದಳು. ಆಗಲೂ ನನ್ನದು ಮಾತು ಕಡಿಮೆ. ಆದರೆ ಅಂದಿನಿಂದ ಆ ಕೊಡತಿಯ ಭಾರ ನನ್ನ ಅಂಗೈಯಲ್ಲಿ ಉಳಿಯಿತು. ಏಟು ಮರೆತೆ, ಭಾರ ಮರೆಯಲಿಲ್ಲ.

ನನಗೆ ತಿಳುವಳಿಕೆ ಬರುವ ಹೊತ್ತಿಗೆ ಒಂದು ಸುಗ್ಗಿಯಲ್ಲಿ ಅಪ್ಪ ಒಬ್ಬ ಸಾಹೇಬರ ದೌರಾಕ್ಕೆ ಡೇರೆ ತೆಗೆದುಕೊಂಡು ಜೇವರ್ಗಿ ಕಡೆ ಹೋದ. ತಿರುಗಿ ಬಂದದ್ದು ಗಾಡಿಯಲ್ಲಿ ಮಲಗಿಕೊಂಡು. ನಡುಗಂಬ ಜಾರಿ ಅವನ ಬಲ ಭುಜದ ಮೇಲೆ ಬಿದ್ದಿತ್ತು. ಎಲುಬು ಕಟ್ಟುವವನು ಬಿದಿರಿನ ಪಟ್ಟಿ ಹಾಕಿ ಕಟ್ಟಿದ. ಎಲುಬು ಕೂಡಿತು, ಆದರೆ ಓರೆಯಾಗಿ ಕೂಡಿತು. ಕೈ ಎದೆಯಿಂದ ಮೇಲೆ ಏಳಲಿಲ್ಲ. ಆಳುಗಳು ಬೇರೆ ಕೆಲಸ ಹಿಡಿದು ಹೋದರು. ಅಪ್ಪ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗುವುದನ್ನು ಕಲಿತ. ಯಾರಾದರೂ ಮಾತಾಡಿಸಲು ಬಂದರೆ ನಿದ್ದೆ ಬಂದವನಂತೆ ಮಾಡುತ್ತಿದ್ದ.

ಆಗ ಬಂದದ್ದು ಮಲ್ಲಪ್ಪ ಕಾಕಾ, ಅಪ್ಪನ ತಮ್ಮ. ಅಫಜಲಪುರದಲ್ಲಿ ಅವನದು ಕಿರಾಣಿ ಅಂಗಡಿ. ಬರುವಾಗ ನಮಗೆ ಬೆಲ್ಲದ ಹೆಂಟೆ ತರುತ್ತಿದ್ದ, ದೊಡ್ಡದಾಗಿ ನಗುತ್ತಿದ್ದ, ನನ್ನನ್ನು 'ಮೂಗಿ' ಎಂದು ಕರೆಯುತ್ತಿದ್ದ. ಕೆಟ್ಟವನೆಂದು ನಾನು ಹೇಳುವುದಿಲ್ಲ. ಆಗ ದೊಡ್ಡ ಯುದ್ಧದ ಕಾಲ. ಹೊಸ ಡೇರೆ ಬಟ್ಟೆ ಎಲ್ಲಿಯೂ ಸಿಗುತ್ತಿರಲಿಲ್ಲ, ಹಳೆಯದಕ್ಕೆ ಬೇಡಿಕೆ ಬಂದಿತ್ತು. ಅವನ ಕಣ್ಣು ನಮ್ಮ ಖೋಲಿಯ ಮೇಲೆ ಬಿದ್ದಿತ್ತು.

"ಅಣ್ಣಾ, ನೀ ಅರಾಮ ಮಲಕೊ. ಡೇರೆ ನಾ ಒಯ್ತೇನಿ. ನಿನಗ ಕೈ ನಡಿಯೂದಿಲ್ಲ, ಗಂಡು ಕೂಸಿಲ್ಲ. ಯಾರಿಗಂತ ಇಟಗೋತಿ? ನೀವೂ ಎಲ್ಲಾರೂ ಬಂದುಬಿಡ್ರಿ, ನಮ್ಮ ಹಿತ್ತಲದಾಗ ಒಂದು ಖೋಲಿ ಖಾಲಿ ಅದ."

ಅಪ್ಪ ಗೋಡೆಯ ಕಡೆಯೇ ನೋಡುತ್ತಿದ್ದ. ನನಗೆ ಅಷ್ಟು ಅರ್ಥವಾಗುವ ವಯಸ್ಸಾಗಿತ್ತು. ಡೇರೆ ಹೋದರೆ ಅದರ ಹಿಂದೆ ನಾವೂ ಹೋಗಬೇಕು. ಅವ್ವ ಕಾಕಾನ ಹೆಂಡತಿ ಕಾಕುವಿನ ಕೈಕೆಳಗೆ ಪಾತ್ರೆ ತಿಕ್ಕಬೇಕು. ಅಪ್ಪ ತಮ್ಮನ ಅಂಗಡಿಯ ಮೂಲೆಯಲ್ಲಿ ಕೂರಬೇಕು. ನನ್ನ ಶಾಲೆ ಮುಗಿಯುತ್ತದೆ.

ಅವ್ವ ಅಡುಗೆಮನೆಯ ಹೊಸ್ತಿಲಿಗೆ ಬಂದು ನಿಂತಳು. "ಕಿಣ್ಣಿ ಸುಲ್ತಾನದ ಮದುವಿಗಿ ಮಾತು ಕೊಟ್ಟೇವಿ, ಮೈದುನ್ನೋರೆ. ಅದನ್ನ ನಾವೇ ಮಾಡ್ತೇವಿ."

"ನಾವು ಅಂದ್ರ ಯಾರು, ಅತ್ತಿಗಿ?"

"ನಾನು. ಇಕಿ."

ಕಾಕಾ ನನ್ನನ್ನು ನೋಡಿ ತೊಡೆ ತಟ್ಟಿ ನಕ್ಕ. "ಈ ಮೂಗೀನೂ? ಭೇಷ್! ಗೂಟಕ್ಕ ಬೈದು ಬೈದು ನೆಲದಾಗ ಇಳಸ್ತಾಳೇನು, ಬಾಯರೆ ಬೇಕಲ್ಲ!"

ಎಲ್ಲರೂ ಆಯಿಯ ಕಡೆ ನೋಡಿದೆವು. ಇಬ್ಬರೂ ಅವಳ ಮಕ್ಕಳು. ಅವಳು ಹುರಿ ಹೊಸೆಯುತ್ತಿದ್ದಳು, ತೊಡೆಯ ಮೇಲೆ ತಿಕ್ಕುವುದನ್ನು ಬಿಡದೆ ಹೇಳಿದಳು:

"ಕಿಣ್ಣಿ ಮದುವಿ ಆಗಲಿ. ಈ ಮನ್ಯಾಗಿನವರ ಕೈಲೆ ಬಡದು, ಬಡದ ಕೈಲೇ ಕಿತ್ತು, ಡೇರೆ ತಿರಗಿ ಈ ಮನಿಗಿ ಬಂತಂದ್ರ ಇಲ್ಲೇ ಇರ್ತದ. ಇಲ್ಲಂದ್ರ ಮಲ್ಲ್ಯಾ ಒಯ್ಯಲಿ. ಇನ್ನ ಯಾರೂ ನನ್ನ ಮುಂದ ಬಾಯಿ ತಗೀಬ್ಯಾಡ್ರಿ."

ಆಯಿ ನಮ್ಮ ಪರ ಮಾತಾಡಿದಳೋ, ಕಾಕಾನ ಪರ ಮಾತಾಡಿದಳೋ ನನಗೆ ಅಂದು ತಿಳಿಯಲಿಲ್ಲ. ಅವಳು ಹಾಗೆಯೇ.

ಹೊರಡುವ ಬೆಳಿಗ್ಗೆ ಗಾಡಿಯ ಲಾಲೂ ಮಾಮಾ ಎತ್ತು ಹೂಡಿಕೊಂಡು ಬಂದ. ಅವನು ಅಪ್ಪನ ಜೊತೆ ಎಷ್ಟೋ ಊರು ತಿರುಗಿದವನು. ಅವ್ವ ಸೀರೆಯನ್ನು ಕಚ್ಚೆ ಹಾಕಿ ಬಿಗಿದುಕೊಂಡು ದೊಡ್ಡ ಕೊಡತಿಯನ್ನು ಹೆಗಲ ಮೇಲಿಟ್ಟು ಪಡಸಾಲೆ ದಾಟಿದಳು. ಅಪ್ಪ ಬಹಳ ದಿನಗಳ ನಂತರ ಈಚೆ ಹೊರಳಿದ.

"ಮೂಲೀ ಗೂಟ, ದೊಡ್ಡವು, ನೀ ಬಡಿ," ಎಂದು ಅವ್ವನಿಗೆ ಹೇಳಿದ. ಆಮೇಲೆ ನನ್ನ ಕಡೆ ನೋಡಿದ. "ಬದೀ ಗೂಟ ನಿನ್ನವು. ಅವಸರ ಮಾಡಬ್ಯಾಡವ್ವಾ."

ಅವನು ನನಗೆಂದೇ ಹೇಳಿದ ಮೊದಲನೆಯ ಮಾತು ಅದು, ಆ ಕೆಲಸದ ಬಗ್ಗೆ. ಸಣ್ಣ ಕೊಡತಿಯನ್ನು ಎದೆಗವಚಿಕೊಂಡು ಗಾಡಿ ಹತ್ತಿದೆ.

ಕಿಣ್ಣಿ ಸುಲ್ತಾನದಲ್ಲಿ ಮದುವೆ ಮನೆಯ ಪಕ್ಕದ ಕಣದಲ್ಲಿ ಶಾಮಿಯಾನ ನಿಲ್ಲಬೇಕಿತ್ತು. ಎರೆ ಮಣ್ಣಿನ ಕಣ. ಸುಗ್ಗಿಯಲ್ಲಿ ಎತ್ತುಗಳು ತುಳಿದು ತುಳಿದು, ಮೇಲೆ ಬಿಸಿಲು ಬಿದ್ದು, ನೆಲ ಬಂಡೆಯಾಗಿತ್ತು. ಊರ ಗಂಡಸರು ಲಾಲೂ ಮಾಮಾನ ಜೊತೆ ಕಂಬ ಎತ್ತಿ ಹಿಡಿದರು, ಹಿಡಿದುಕೊಂಡೇ ನಮ್ಮನ್ನು ನೋಡಿ ನಗುತ್ತಿದ್ದರು.

"ಅಕ್ಕೋರೆ, ಡೇರೆ ಬಿದ್ರ ನಿಮ್ಮ ಕಡೇನೇ ಬೀಳಲಿ ನೋಡ್ರಿ, ನಮ್ಮ ಕಡೆ ಮದುಮಗ ಕುಂದರ್ತಾನ!"

"ಹಂಗಾದ್ರ ಮದುಮಗನ್ನ ಈ ಕಡೆ ಕುಂದರಸ್ರಿ," ಎಂದಳು ಅವ್ವ. "ನಾ ಬಡದ ಗೂಟದ ಮಗ್ಗಲಕ ಅವನಿಗೇನೂ ಆಗೂದಿಲ್ಲ."

ಮದುಮಗಳ ಅಜ್ಜಿ ಗುರಮ್ಮಾಯಿ ಎನ್ನುವವಳು ಕೋಲು ಊರಿಕೊಂಡು ಬಂದಳು. ಅವಳಿಗೆ ನಗು ಬರಲಿಲ್ಲ.

"ಏನಬೇ ಇದು? ಹೆಣ್ಮಕ್ಕಳು ಗೂಟ ಬಡದ ಹಂದರದಾಗ ನಮ್ಮ ಹುಡುಗೀ ಮದುವಿ? ಎಲ್ಲರೆ ಉಂಟೇನು?"

ಅವ್ವ ಕೊಡತಿಯನ್ನು ಕೆಳಗಿಳಿಸಿ ಸೆರಗಿನಿಂದ ಬೆವರು ಒರೆಸಿಕೊಂಡಳು. "ಆಯಿ, ಮದುವಿ ಗಂಡಿಂದಷ್ಟ ಅಲ್ರಿ. ಹೆಣ್ಣಿಂದೂ ಅದ. ಅರ್ಧ ಗೂಟ ಆದ್ರೂ ನಾವು ಬಡೀಬೇಕಲ್ರಿ." ಮುದುಕಿ ಏನೋ ಗೊಣಗಿ, ಹೋಗದೆ, ಅಲ್ಲೇ ಕಟ್ಟೆಯ ಮೇಲೆ ಕೂತಳು, ಬಿದ್ದರೆ ನೋಡೋಣ ಎನ್ನುವವಳ ಹಾಗೆ.

ಅವ್ವ ಮೂಲೆಯ ಗೂಟಗಳನ್ನು ಒಣ ನೆಲಕ್ಕೆ ಬಡಿದಳು. ಒಂದೊಂದಕ್ಕೂ ಅವಳ ಉಸಿರು ಕಟ್ಟುತ್ತಿತ್ತು. ನಾನು ಆಚೆ ಬದಿಗೆ ಇದ್ದೆ, ನಡುವೆ ಬಟ್ಟೆ. ನನ್ನ ಗೂಟ ನೆಲಕ್ಕೆ ತಾಗಿ ತಿರುಗಿ ನನ್ನ ಮೊಣಕಾಲಿಗೇ ಹಾರುತ್ತಿತ್ತು. ಅಳು ಬರುವಂತಾಯಿತು. ಆಗ ಒಂದು ಉಪಾಯ ಹೊಳೆಯಿತು. ನಮ್ಮ ಕಣದಲ್ಲಿ ಎತ್ತು ಕಟ್ಟಿ ತುಳಿಸುವ ನಡುಗಂಬ, ಮೇಟಿ ಎನ್ನುತ್ತೇವಲ್ಲ, ಅದನ್ನು ನೆಡುವಾಗ ಕುಣಿಗೆ ನೀರು ಹೊಯ್ಯುವುದನ್ನು ನೋಡಿದ್ದೆ. ಮದುವೆ ಮನೆಯ ಹಂಡೆಯಿಂದ ಒಂದು ತಂಬಿಗೆ ನೀರು ತಂದು ಒಂದೊಂದು ಜಾಗಕ್ಕೂ ಸ್ವಲ್ಪ ಸ್ವಲ್ಪ ಹೊಯ್ದು, ಇಂಗುವವರೆಗೆ ಕಾದು ಬಡಿದೆ. ಗೂಟ ನಾದಿದ ಹಿಟ್ಟಿನೊಳಗೆ ಬೆರಳು ಇಳಿದ ಹಾಗೆ ಇಳಿಯಿತು. ಅವ್ವ ಆಚೆಯಿಂದ ಬರುವ ಹೊತ್ತಿಗೆ ನನ್ನ ಕೆಲಸ ಮುಗಿದಿತ್ತು. ಅವಳು ಒಂದೊಂದು ಹಗ್ಗವನ್ನೂ ಜಗ್ಗಿ ನೋಡಿ ನನ್ನ ತಲೆಯ ಮೇಲೆ ಕೈಯಿಟ್ಟಳು. ಹೇಗೆ ಬಡಿದೆ ಎಂದು ಕೇಳಲಿಲ್ಲ, ನಾನೂ ಹೇಳಲಿಲ್ಲ. ನನ್ನಷ್ಟು ಜಾಣೆ ಆ ಕಣದಲ್ಲಿ ಯಾರೂ ಇಲ್ಲ ಎಂದು ನನಗೆ ಅನ್ನಿಸಿತ್ತು.

ಮದುವೆ ಚೆನ್ನಾಗಿ ಆಯಿತು. ಹುಗ್ಗಿ ಉಂಡೆವು. ಗೂಟ ಕಾಯುತ್ತ ನಾವಿಬ್ಬರೂ ಶಾಮಿಯಾನದ ಅಂಚಿನಲ್ಲೇ ಉಂಡು ಅಲ್ಲೇ ಕೈ ತೊಳೆದೆವು. ಬಿಸಿಲು ಉರಿಯುತ್ತಿತ್ತು. ಅಕ್ಕಿಕಾಳು ಬಿದ್ದು, ಮದುಮಗಳು ಗಾಡಿ ಹತ್ತಿ, ಬೀಗರು ಹೊರಟುಹೋದ ಮರುದಿನ ಬೆಳಿಗ್ಗೆ ಕೀಳುವ ಕೆಲಸ. ಅವ್ವ ಹಗ್ಗ ಸಡಿಲಿಸುವಷ್ಟರಲ್ಲಿ ಕಣಕ್ಕೆ ಇನ್ನೊಂದು ಗಾಡಿ ಬಂತು. ಮಲ್ಲಪ್ಪ ಕಾಕಾ ಇಳಿದ. ಜೊತೆಗೆ ಅಫಜಲಪುರದ ಇಬ್ಬರು ಗಟ್ಟಿ ಆಳುಗಳು.

"ಸಾಕು ಅತ್ತಿಗಿ, ಭಾಳ ಹೈರಾಣ ಆಗೀರಿ. ನೀವು ನೆಳ್ಳಿಗಿ ಕುಂದರ್ರಿ. ನಾವು ಕಿತ್ತು ಹೇರ್ತೇವಿ, ಗಾಡಿ ಹಿಂಗೇ ಅಫಜಲಪುರಕ್ಕ ಹೋಗ್ತದ." ಹೇಳುತ್ತಲೇ 'ಕೊಕ್ಕಿ ತಾರೋ' ಎಂದು ಆಳಿನ ಕೈಯಿಂದ ಇಸಿದುಕೊಂಡು ಹತ್ತಿರದ ಗೂಟಕ್ಕೆ ಬಾಗಿದ. ಅದು ನಾನು ಬಡಿದ ಗೂಟ.

ಆಯಿಯ ಮಾತು ಅವನಿಗೂ ಗೊತ್ತಿತ್ತು. ಬೇರೆ ಕೈ ಒಂದು ಗೂಟ ಕಿತ್ತರೂ ಸಾಕು, ಡೇರೆ ಅವನದು. ನಾನು ಓಡಿದೆ. ನೆಲಕ್ಕೆ ಕುಕ್ಕರಿಸಿ ಗೂಟದ ಕೊರಳನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದುಕೊಂಡೆ. ಕೊಕ್ಕಿಯ ತುದಿ ನನ್ನ ಬೆರಳಿಗೆ ತಾಗಿ ನಿಂತಿತು.

"ಕೈ ತಗಿ ಬೇ, ಮೂಗಿ."

ತಲೆ ಅಲ್ಲಾಡಿಸಿದೆ.

"ತಗೀತಿಯೋ, ಎತ್ತಿ ಆಚೆ ಇಡ್ಲೋ?"

ಸುತ್ತಲೂ ಮದುವೆ ಮನೆಯವರು ನಿಂತುಬಿಟ್ಟಿದ್ದರು. ಆದರೂ ಮಾತು ಬಂತು. ಆಡಿನ ಮರಿಯ ಹಾಗೆ ಬಂತು, ಆದರೆ ಬಂತು.

"ನಾ ಬಡದೇನಿ. ನಾನೇ ಕೀಳ್ತೇನಿ."

"ಅಯ್ಯ, ಇದಕ್ಕ ಮಾತು ಬರ್ತದಲ್ಲೋ!" ಎಂದು ಯಾರೋ ನಕ್ಕರು. ಆದರೆ ಗುರಮ್ಮಾಯಿ ಕಟ್ಟೆಯಿಂದ ಕೂಗಿದಳು: "ಖರೇ ಹೇಳ್ತದ ಕೂಸು. ನಿಮ್ಮ ಡೇರೆ ಮನೀದು ಆ ಕಟ್ಟು ನಮಗೂ ಗೊತ್ತದ. ನಿಮ್ಮಪ್ಪ ಇಲ್ಲೇ ನನ್ನ ಮದುವ್ಯಾಗ ಹೇಳಿದ್ದ. ಬಿಡಪಾ ಅದನ್ನ."

ಅಷ್ಟು ಜನರ ಮುಂದೆ ಅಣ್ಣನ ಮಗಳನ್ನು ಎಳೆದು ಎಸೆಯಲು ಕಾಕಾನಿಗೆ ಆಗಲಿಲ್ಲ. ಅವನು ಕೊಕ್ಕಿಯನ್ನು ನನ್ನ ಮುಂದೆ ಎಸೆದ. "ಕೀಳು. ನೋಡೋಣಲ್ಲ." ಹೋಗಿ ತನ್ನ ಗಾಡಿಯ ಮುಂದಿನ ಮೂಕಿಮರದ ಮೇಲೆ ಕೂತು ತಂಬಾಕು ತಿಕ್ಕತೊಡಗಿದ.

ಕೊಕ್ಕಿಯನ್ನು ಕಚ್ಚಿಗೆ ಸಿಕ್ಕಿಸಿ ತಿರುವಿದೆ. ಗೂಟ ಅಲ್ಲಾಡಲಿಲ್ಲ. ಮೈಭಾರವನ್ನೆಲ್ಲ ಹಾಕಿದೆ. ಅಲ್ಲಾಡಲಿಲ್ಲ. ಪಕ್ಕದ್ದಕ್ಕೆ ಹೋದೆ, ಅದೂ ಹಾಗೆಯೇ. ಆಚೆ ಮೂಲೆಯಲ್ಲಿ ಅವ್ವನ ಗೂಟಗಳು ಎರಡು ತಿರುವಿಗೆ ಕಿರ್ರೆಂದು ಮೇಲೆ ಬರುತ್ತಿದ್ದವು. ಅವುಗಳಿಗಿಂತ ಸಣ್ಣ ನನ್ನವು ಬೇರು ಬಿಟ್ಟ ಹಾಗೆ ಕೂತಿದ್ದವು. ಕಾಕಾನ ಆಳುಗಳು ಒಬ್ಬರನ್ನೊಬ್ಬರು ನೋಡಿ ನಕ್ಕರು. ಅವ್ವ ಬಂದು ಬಗ್ಗಿ ನೋಡಿದಳು. ಗೂಟದ ಸುತ್ತ ಮಣ್ಣು ಕಪ್ಪಗೆ, ನುಣ್ಣಗೆ, ಗಡಿಗೆಯ ಹಾಗೆ ಬಿಗಿದಿತ್ತು.

"ನಿನ್ನವು ಯಾಕ ಬರವಲ್ವು?"

"ನೀರ ಹಾಕಿದ್ದೆ ಅವ್ವಾ. ಮೇಟಿಗಿ ಹಾಕ್ತಾರಲ್ಲ, ಹಂಗ."

ಅವ್ವ ಒಂದು ಗಳಿಗೆ ಕಣ್ಣು ಮುಚ್ಚಿದಳು. "ಮೇಟಿ ನಡೂದು ವರ್ಷಾನಗಟ್ಟಲೆ ನಿಲ್ಲಲಿ ಅಂತ ಬೇ. ಡೇರೆ ಗೂಟ ಬಡಿಯೂದು ಕೀಳಾಕ. ಎರಿ ಮಣ್ಣು ತೊಯ್ದು ಒಣಗಿದ್ರ ಬಿಡ್ತದೇನು?" ಬೈಯಲಿಲ್ಲ. ಅವಳ ಕೈ ಕೊಕ್ಕಿಯ ಕಡೆ ಬಂತು, ಬಂದು ನಿಂತಿತು, ಹಿಂದೆ ಸರಿಯಿತು. "ನಾ ಮುಟ್ಟೂದಿಲ್ಲ. ಮುಟ್ಟಿದ್ರ ಅಂವಾ ಗೆದ್ದ. ಮತ್ತ ತೊಯ್ಸು. ಈಗ ತಂಬಿಗಿ ಸಾಲೂದಿಲ್ಲ, ಕೊಡಗಟ್ಟಲೆ ಬೇಕು."

ಬೇಸಿಗೆ. ಬಾವಿಯಲ್ಲಿ ನೀರು ತಳಕ್ಕೆ ಹೋಗಿತ್ತು, ಇದ್ದದ್ದೂ ಮದುವೆಗೆ ಖರ್ಚಾಗಿತ್ತು. ಕಾಕಾ ಕೂತಲ್ಲಿಂದಲೇ, "ಸಂಜಿತನ ಕಾಯ್ತೇನಿ. ಹೊತ್ತು ಮುಣಗಿದ ಮ್ಯಾಲ ಹಾರಿ ಹಾಕಿ ನಾನೇ ಎಬ್ಬಸ್ತೇನಿ," ಎಂದ. ನಾನು ಯಾರನ್ನು ನೀರು ಕೇಳಲಿ? ಕೇಳುವುದೆಂದರೆ ಮತ್ತೆ ಬಾಯಿ ತೆರೆಯಬೇಕು. ಗುರಮ್ಮಾಯಿಯ ಮುಂದೆ ಹೋಗಿ ನಿಂತೆ. "ಆಯಿ, ನೀರು ಬೇಕ್ರಿ," ಎಂದೆ. ಒಂದೇ ಬೆಳಿಗ್ಗೆ ಎರಡನೆಯ ಸಲ.

ಮುದುಕಿ ನನ್ನನ್ನು ಮೇಲೆ ಕೆಳಗೆ ನೋಡಿದಳು. "ಕುಡಿಯೂ ನೀರು ಒಂದು ಹನೀನೂ ಕೊಡೂದಿಲ್ಲ ನೋಡು. ಮುಸರಿ ನೀರು ತಗೊ, ಮೈ ತೊಳದ ನೀರು ತಗೊ. ನನ್ನ ಕಣದಾಗ ಗೂಟ ಬಿಟ್ಟು ಹೋದ್ರ ನಮ್ಮ ಎತ್ತು ಎಡವ್ತಾವ." ಎದ್ದು ಒಳಗೆ ಹೋಗಿ ಕೂಗಿದಳು. ಸೊಸೆಯಂದಿರು, ನೆರೆಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಮದುವೆಯ ಪಾತ್ರೆ ತೊಳೆದ ನೀರು, ಬ್ಯಾಳಿ ಬಸಿದ ಕಟ್ಟು, ಅರಿಶಿಣದ ಸ್ನಾನದ ನೀರು, ಮಕ್ಕಳ ಬಟ್ಟೆ ಹಿಂಡಿದ ನೀರು. ತಂದು ಗೂಟದ ಬುಡಕ್ಕೆ ಸುರಿದು ಹೋಗುತ್ತಿದ್ದರು. ಒಬ್ಬಳು, "ನಮ್ಮತ್ತಿ ಬಾಯಿಗೂ ಒಂದು ಕೊಡ ಹಾಕು, ಮೆತ್ತಗಾಗ್ತದ," ಎಂದು ನನ್ನ ಕಿವಿಯಲ್ಲಿ ಹೇಳಿ ನಗಿಸಿದಳು. ಗೂಟಕ್ಕೆ ಮಾತ್ರ ಯಾರೂ ಕೈ ಹಾಕಲಿಲ್ಲ. ಅಷ್ಟು ಎಲ್ಲರಿಗೂ ಗೊತ್ತಾಗಿತ್ತು.

ಮಣ್ಣು ನೀರು ಕುಡಿಯಲು ಹೊತ್ತು ಬೇಕು. ಆ ಬಿಸಿಲಿನಲ್ಲಿ ಗೂಟದಿಂದ ಗೂಟಕ್ಕೆ ಹೋಗುತ್ತ, ತೊಯ್ಸುತ್ತ, ತಿರುವುತ್ತ ಇದ್ದೆ. ಅವ್ವ ನನ್ನ ಕಡೆ ನೋಡದೆ ಬಟ್ಟೆ ಮಡಚುತ್ತಿದ್ದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಲಾಲೂ ಮಾಮಾ ತನ್ನ ಗಾಡಿಯ ಗಾಲಿಗೆ ಎಣ್ಣೆ ಹಾಕುತ್ತ, ಗಾಲಿಗೇ ಹೇಳುವವನ ಹಾಗೆ, "ತಿರುವು ಬೇಟಿ, ಜಗ್ಗಬ್ಯಾಡ. ತಿರುವು," ಎನ್ನುತ್ತಿದ್ದ. ಮಧ್ಯಾಹ್ನ ದಾಟಿದ ಮೇಲೆ ಮೊದಲ ಗೂಟ ಒಂದು ಎಳೆಯಷ್ಟು ತಿರುಗಿತು. ಆಮೇಲೆ ಬಾಯಿ ಚಪ್ಪರಿಸಿದ ಸದ್ದು ಮಾಡಿ, ಕೆಸರು ಮೆತ್ತಿಕೊಂಡು, ಹೋದ ದಾರಿಯಲ್ಲೇ ಹೊರಗೆ ಬಂತು. ಹೆಂಗಸರು ಕೇಕೆ ಹಾಕಿದರು. ಅಂಗೈ ಬೊಬ್ಬೆ ಒಡೆದು ಉರಿಯುತ್ತಿತ್ತು. ಹಿಡಿಕೆಗೆ ಸುತ್ತಲು ಸೆರಗಿಲ್ಲದ ಹುಡುಗಿ ನಾನು, ಲಂಗದ ಅಂಚನ್ನೇ ಸುತ್ತಿಕೊಂಡು ತಿರುವಿದೆ.

ಉಳಿದವೂ ಒಂದೊಂದಾಗಿ ಬಂದವು, ಕೊನೆಯದು ಬರಲಿಲ್ಲ. ಹೊತ್ತು ಇಳಿಯುತ್ತಿತ್ತು, ನಾನು ಅವಸರ ಮಾಡಿದೆ, ಕೊರಳು ಚಟ್ಟೆಂದು ಮುರಿಯಿತು. ಕಾಕಾ ಎದ್ದು ನಿಂತ. ನಾನು ಅವನಿಗಿಂತ ಮೊದಲು ಹಾರೆ ತೆಗೆದುಕೊಂಡು ಸುತ್ತಲ ಮಣ್ಣು ಕೆದರಿದೆ, ಉಗುರಿನಿಂದ ಬಗೆದೆ, ಮುರಿದ ಗೂಟವನ್ನು ಎರಡೂ ಕೈಯಿಂದ ತಬ್ಬಿ ಎಳೆದು ಹಿಂದಕ್ಕೆ ಬಿದ್ದೆ. ಗೂಟ ನನ್ನ ಎದೆಯ ಮೇಲಿತ್ತು. ಎದ್ದು ಅದನ್ನು ಲಾಲೂ ಮಾಮಾನ ಗಾಡಿಗೆ ನಾನೇ ಹಾಕಿದೆ.

ಕಾಕಾನ ಗಾಡಿ ಖಾಲಿಯಾಗಿ ನಮ್ಮ ಹಿಂದೆಯೇ ಹಿರೋಳ್ಳಿಗೆ ಬಂತು. ಅವನಿಗೆ ಇನ್ನೂ ಒಂದು ಆಸೆ ಇತ್ತು. ಆಯಿ ಪಡಸಾಲೆಯಲ್ಲಿ ಕೂತಿದ್ದಳು, ಅಪ್ಪ ಗೋಡೆಗೆ ಒರಗಿ ಎದ್ದು ಕೂತಿದ್ದ.

"ಒಂದು ಗೂಟ ಮುರದಾಳ, ಅವ್ವಾ. ನೀರು ಹಾಕಿ ಬಡದು ಇಡೀ ಊರಿಗಿ ನಗಿಪಾಟಲು ಮಾಡ್ಯಾಳ. ಮುಸರಿ ನೀರು ಬೇಡಿ ಕಿತ್ತಾಳ. ನಮ್ಮ ಮನಿ ಮಾನ ಉಳೀತೇನು?"

ಆಯಿ ನನ್ನನ್ನು ಹತ್ತಿರ ಕರೆದಳು. ನನ್ನ ಕೈಗಳನ್ನು ಹಿಡಿದು ತಿರುಗಿಸಿ ನೋಡಿದಳು. ಆಮೇಲೆ ಅವನ ಕಡೆ ತಿರುಗಿದಳು.

"ಬಡದದ್ದು ಯಾರು?"

"ಇಕಿನೇ. ಆದರ..."

"ಕಿತ್ತದ್ದು ಯಾರು?"

"ಇಕಿನೇ, ಆದರ ಅವ್ವಾ..."

"ಮತ್ತ ನಿಂದೇನದ ನಡುವ? ನಿಮ್ಮಪ್ಪ ತನ್ನ ಜಲ್ಮದಾಗ ಮುರದ ಗೂಟ ಇಟ್ಟಿದ್ರ ಈ ಮನಿಗಿ ಇನ್ನೊಂದು ಮಾಳಿಗಿ ಆಗ್ತಿತ್ತು. ಮುರದದ್ದು ಒಲಿಗಿ ಹಾಕಬೇ, ಜಾಲಿ ಕಟಗಿ ಚಲೋ ಉರೀತದ. ಮಲ್ಲ್ಯಾ, ಕೈಕಾಲು ತೊಳಕೊ. ಉಂಡು ಹೋಗು."

ಆ ಸಂಜೆ ನಾನು ಮುರಿದ ಗೂಟದ ಉರಿಯ ಮೇಲೆ ಅವ್ವ ರೊಟ್ಟಿ ಬೇಯಿಸಿದಳು. ಪುಂಡಿಪಲ್ಯ, ಬಿಸಿ ರೊಟ್ಟಿ, ಮೇಲೆ ಹಸಿ ಉಳ್ಳಾಗಡ್ಡಿ. ಕಾಕಾ ಉಂಡ, ಎರಡನೆಯ ಸಲ ಪಲ್ಯ ಕೇಳಿ ಹಾಕಿಸಿಕೊಂಡ. ನನಗೆ ಕೈ ಉರಿದು ಖಾರ ಮುಟ್ಟಲಾಗುತ್ತಿರಲಿಲ್ಲ. ಅಪ್ಪ ತನ್ನ ಎಡಗೈಯಿಂದ ರೊಟ್ಟಿ ಮುರಿದು, ಪಲ್ಯ ಹಚ್ಚಿ, ಎಲ್ಲರ ಮುಂದೆ ನನ್ನ ಬಾಯಿಗೆ ಇಟ್ಟ. ಅವನ ಎಡಗೈಗೆ ಇನ್ನೂ ರೂಢಿಯಾಗಿರಲಿಲ್ಲ. ಅರ್ಧ ನನ್ನ ಗಲ್ಲಕ್ಕೆ ಮೆತ್ತಿತು. ನಾನು ಒರೆಸಿಕೊಳ್ಳಲಿಲ್ಲ.

ಡೇರೆ ನಮ್ಮ ಮನೆಯಲ್ಲೇ ಉಳಿಯಿತು. ಅಪ್ಪ ಗಾಡಿಯಲ್ಲಿ ಕೂತು ಜಾಗ ತೋರಿಸುತ್ತಿದ್ದ, ಅವ್ವ ಮತ್ತು ನಾನು ಬಡಿಯುತ್ತಿದ್ದೆವು, ಕೀಳುತ್ತಿದ್ದೆವು. ಆಳಂದದ ಸುತ್ತಲ ಎಷ್ಟೋ ಮದುವೆಗಳ ನೆರಳು ನಮ್ಮ ಕೈಯದು. ನಗುವವರು ನಗುತ್ತಲೇ ಇದ್ದರು, ಅದೇ ನೆರಳಿನಲ್ಲಿ ಕೂತು ಉಣ್ಣುತ್ತಲೂ ಇದ್ದರು. ನಾನು ಮದುವೆಯಾಗಿ ಜೇವರ್ಗಿ ತಾಲೂಕಿನ ಈ ಮನೆಗೆ ಬಂದಾಗ ನಿಮ್ಮ ಅಜ್ಜ, "ಆ ಮಾತು ಇಲ್ಲಿ ಯಾರ ಮುಂದೂ ಬ್ಯಾಡ," ಎಂದರು. ಒಳ್ಳೆಯವರು, ಆದರೂ ಹಾಗೆಂದರು. ಬೊಬ್ಬೆಯ ಗುರುತಿದ್ದ ಅಂಗೈಯನ್ನು ಮುಷ್ಟಿ ಮಾಡಿಕೊಂಡು ನಾನು ಸಂಸಾರ ಮಾಡಿದೆ. ಅವರು ಹೋದ ಮೇಲೆ ಇನ್ನೊಂದು ಶುರುವಾಯಿತು. ಮಂಗಳ ಕಾರ್ಯಗಳಲ್ಲಿ ನನಗೆ ಒಳಗಿನ ಖೋಲಿ ತೋರಿಸುತ್ತಾರೆ. ಗಂಡನಿಲ್ಲದವಳು ಹಂದರದ ಕೆಳಗೆ ಬರಬಾರದಂತೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಒಂದು ಕುರ್ಚಿ ತಂದು ಒಳಗೆ ಹಾಕುತ್ತಾರೆ ಅಷ್ಟೆ.

ಗೌರಿ, ನಿನ್ನ ಮದುವೆಯ ಹಂದರ ಹಾಕುವ ದಿನ ಆ ಕುರ್ಚಿಯಲ್ಲಿ ನಾನು ಕೂರುವುದಿಲ್ಲ. ಹೊರಗೆ ಬರುತ್ತೇನೆ, ಎಲ್ಲರಿಗೂ ಕಾಣುವಂತೆ ನಿಲ್ಲುತ್ತೇನೆ, ಹಗ್ಗ ಸಡಿಲಾಗಿದ್ದರೆ ಬಿಗಿ ಮಾಡಿ ಎಂದು ಹೇಳುತ್ತೇನೆ. ಬೀಗರು ಕೇಳಿದರೆ ನಾನೇ ಉತ್ತರ ಕೊಡುತ್ತೇನೆ. ಗಂಟಲು ಕಟ್ಟಿದರೆ ನೀನು ಈ ಹಾಳೆಗಳನ್ನು ಅವರ ಕೈಗೆ ಕೊಡು. ಅದಕ್ಕಾಗಿ ಇವು ಅಲ್ಲಿಯತನಕ ಹರಿಯಬಾರದು, ತೊಯ್ಯಬಾರದು, ನಿಮ್ಮಪ್ಪ ಓದಿ ತಿದ್ದಬಾರದು. ನನ್ನ ಕಾಗುಣಿತ ಹೇಗಿದೆಯೋ ಹಾಗೇ ಇರಲಿ. ಶರಣು, ಓದಿದವರ ಕೈಯಿಂದ ಇವನ್ನು ವಾಪಸು ಇಸಿದುಕೊಳ್ಳುವುದು ನಿನ್ನ ಕೆಲಸ. ನೀಲಾ, ಆಮೇಲೆ ಇವು ನಿನ್ನ ಹತ್ತಿರ ಇರಲಿ. ಈ ಮನೆಯಲ್ಲಿ ಹುಟ್ಟುವ, ಈ ಮನೆಗೆ ಬರುವ ಹೆಣ್ಣುಮಕ್ಕಳು ಯಾರ ಅಪ್ಪಣೆಯನ್ನೂ ಕೇಳದೆ ತೆಗೆದು ಓದುವಂಥ ಜಾಗ ನೋಡಿ ಇಡು.